ಹದಿನೇಳು ಮಂದಿಯ ರಂಗಪ್ರವೇಶ

ಬ್ಯಾಲೆ ಶಾಲೆಯ ಕೊನೆಯ ವರ್ಷದ ಬಗ್ಗೆ ನಾನು ನೋಡಿರುವ ಸಿನಿಮಾಗಳೆಲ್ಲ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಓಡುತ್ತವೆ: ಈ ಹುಡುಗಿಗೆ ಕಂಪನಿಯಲ್ಲಿ ಕೆಲಸ ಸಿಗುತ್ತದೋ ಇಲ್ಲವೋ. ಸಿಕ್ಕಿತು ಅಂದ ಕೂಡಲೇ ಸಂಗೀತ ಏರುತ್ತದೆ, ತೆರೆಯ ಮೇಲೆ ಹೆಸರುಗಳು ಶುರುವಾಗುತ್ತವೆ. ಆ ಕೆಲಸ ಎಂಥದ್ದು, ಸೇರಿದ ಮೇಲೆ ಅವಳು ರಂಗದ ಮೇಲೆ ಎಲ್ಲಿ ನಿಲ್ಲುತ್ತಾಳೆ ಎಂದು ತೋರಿಸುವ ತಾಳ್ಮೆ ಅವುಗಳಿಗಿಲ್ಲ. ಅವಳು ನಿಲ್ಲುವುದು ಸಾಲಿನಲ್ಲಿ. ‘ಸ್ವಾನ್ ಲೇಕ್’ನ ಹಂಸಗಳ ಸಾಲಿನಲ್ಲಿ, ‘ನಟ್‌ಕ್ರ್ಯಾಕರ್’ನ ಹಿಮದ ಹೂವುಗಳ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯವಳಾಗಿಯೋ ಹನ್ನೊಂದನೆಯವಳಾಗಿಯೋ. ಈ ಸಾಲಿಗೆ ಬ್ಯಾಲೆಯಲ್ಲಿ ಕೋರ್ ದ ಬ್ಯಾಲೆ ಎನ್ನುತ್ತಾರೆ. ‘ಬ್ಯಾಲೆಯ ದೇಹ’ ಎಂದು ಅರ್ಥ. ಕೊನೆಯ ವರ್ಷದ ವಿದ್ಯಾರ್ಥಿನಿ ಹಗಲೂ ರಾತ್ರಿ ತಯಾರಾಗುತ್ತಿರುವುದು ಬಹುಪಾಲು ಈ ದೇಹದ ಒಂದು ಭಾಗವಾಗುವುದಕ್ಕೆ. ಸಿನಿಮಾಗಳು ಮಾತ್ರ ಅವಳನ್ನು ಅದರಿಂದ ಪಾರುಮಾಡುವ ಕಥೆಯನ್ನೇ ಹೇಳುತ್ತಿರುತ್ತವೆ.

ನಮ್ಮಲ್ಲಿ ಬ್ಯಾಲೆ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಬೆಂಗಳೂರಿನ ಒಂದು ತಲೆಮಾರಿಗೆ ಬ್ಯಾಲೆ ಅಂದರೆ ಪ್ರಭಾತ್ ಕಲಾವಿದರ ‘ಸಿಂಡರೆಲ್ಲಾ’, ಅಂದರೆ ನೃತ್ಯರೂಪಕ. ನಾನಿಲ್ಲಿ ಹೇಳುತ್ತಿರುವುದು ಅದಲ್ಲ, ಯುರೋಪಿನ ಶಾಸ್ತ್ರೀಯ ಬ್ಯಾಲೆ. ಅದನ್ನು ನಾನು ಕಲಿತವಳಲ್ಲ. ಕೆಲವನ್ನು ರಂಗದ ಮೇಲೆ, ಹೆಚ್ಚಿನದನ್ನು ಪರದೆಯ ಮೇಲೆ ನೋಡಿದವಳು.

ಕೊನೆಯ ವರ್ಷ ಹೇಗಿರುತ್ತದೆ? ಸೇಂಟ್ ಪೀಟರ್ಸ್‌ಬರ್ಗಿನ ವಾಗನೋವಾ ಅಕಾಡೆಮಿ 1738ರಲ್ಲಿ ಶುರುವಾದದ್ದು. ಅಲ್ಲಿಗೆ ಹತ್ತು ವರ್ಷದ ಆಸುಪಾಸಿನಲ್ಲಿ ಸೇರಿದ ಮಗು ಎಂಟು ವರ್ಷ ಕಲಿತು, ಪರೀಕ್ಷೆ ಮುಗಿಸಿ, ಮಾರಿನ್‌ಸ್ಕಿ ರಂಗಮಂದಿರದಲ್ಲಿ ಪದವಿ ಪ್ರದರ್ಶನ ಕೊಟ್ಟು ಹೊರಬರುತ್ತದೆ. ಬೇರೆ ದೊಡ್ಡ ಶಾಲೆಗಳಲ್ಲೂ ಲೆಕ್ಕ ಹೆಚ್ಚುಕಮ್ಮಿ ಇದೇ. ಹದಿನೇಳು ಹದಿನೆಂಟಕ್ಕೆ ಓದು ಮುಗಿಯುತ್ತದೆ. ನಮ್ಮ ಮಕ್ಕಳು ಎರಡನೇ ಪಿಯುಸಿ ಪರೀಕ್ಷೆ ಬರೆಯುವ ವಯಸ್ಸಿಗೆ ಇವರು ಕೆಲಸಕ್ಕೆ ಅರ್ಜಿ ಹಾಕುತ್ತಿರುತ್ತಾರೆ. ಬೆಳಿಗ್ಗೆ ಕಂಬಿ ಹಿಡಿದು ಅದೇ ಪ್ಲಿಯೇ, ಅದೇ ತಾಂಡ್ಯು. ಅವು ಹತ್ತು ವರ್ಷದವಳಿದ್ದಾಗ ಕಲಿತ ಮೊದಲ ಪಾಠಗಳು, ಮೂವತ್ತೈದರಲ್ಲಿ ನಿವೃತ್ತಳಾಗುವ ತಾರೆಯೂ ಬಿಡದ ಪಾಠಗಳು. ಮಧ್ಯಾಹ್ನ ಪದವಿ ಪ್ರದರ್ಶನದ ತಾಲೀಮು. ರಾತ್ರಿ ಕೂತು ಪಾಯಿಂಟ್ ಬೂಟಿಗೆ ರಿಬ್ಬನ್ ಹೊಲಿಯುವುದು. ಹೊಲಿದ ಬೂಟು ಒಂದು ಪ್ರದರ್ಶನಕ್ಕೇ ಮೆತ್ತಗಾಗಿ ಕೂತರೂ ಆಯಿತು, ಮತ್ತೆ ಇನ್ನೊಂದು ಜೊತೆ.

ಇದರ ನಡುವೆ ಆಡಿಷನ್. ಎದೆಗೆ ಪಿನ್ನು ಹಾಕಿದ ನಂಬರಿನ ಚೀಟಿ, ಒಂದೇ ಹಾಲ್‌ನಲ್ಲಿ ಒತ್ತೊತ್ತಾಗಿ ನಿಂತ ಹತ್ತಾರು ಜನ. ಕಂಬಿಯ ಪಾಠ ಮುಗಿಯುತ್ತಿದ್ದಂತೆ ಕೆಲವು ನಂಬರು ಕೂಗುತ್ತಾರೆ, ಉಳಿದವರು ಚೀಲ ಎತ್ತಿಕೊಂಡು ಹೊರಡುತ್ತಾರೆ. ಎಷ್ಟೋ ಜನ ನಡುರಂಗಕ್ಕೆ ಬಂದು ಕುಣಿಯುವುದೇ ಇಲ್ಲ. ಅಲ್ಲಿ ನೋಡುವವರು ಹುಡುಕುವುದು ಅಪೂರ್ವ ಪ್ರತಿಭೆಯನ್ನೇ ಎಂದುಕೊಂಡರೆ ಅರ್ಧ ತಪ್ಪು. ಕಂಪನಿಯಲ್ಲಿ ಒಂದು ಜಾಗ ಖಾಲಿಯಿದೆ; ಪಕ್ಕದವಳಷ್ಟೇ ಎತ್ತರದ, ಪಕ್ಕದವಳಷ್ಟೇ ಬೇಗ ಕಲಿಯುವ, ಕತ್ತು ತಿರುಗಿಸು ಅಂದಲ್ಲಿ ತಿರುಗಿಸುವ ಒಬ್ಬಳು ಬೇಕು.

2000ದಲ್ಲಿ ಬಂದ ‘ಸೆಂಟರ್ ಸ್ಟೇಜ್’ ಈ ಬಗೆಯ ಸಿನಿಮಾಗಳಲ್ಲಿ ಹೆಚ್ಚು ಜನ ನೋಡಿದ್ದು. ನಿಕೊಲಸ್ ಹೈಟ್ನರ್ ನಿರ್ದೇಶನ. ನ್ಯೂಯಾರ್ಕಿನ ಒಂದು ಕಲ್ಪಿತ ಅಕಾಡೆಮಿ, ವರ್ಷದ ಕೊನೆಯ ಪ್ರದರ್ಶನ, ಅದರಿಂದ ಕಂಪನಿಗೆ ಆಯ್ಕೆ. ನಾಯಕಿ ಜೋಡಿಯ ಕಾಲುಗಳು ಬ್ಯಾಲೆಗೆ ಹೇಳಿಮಾಡಿಸಿದ್ದಲ್ಲ ಎಂದು ಗುರುಗಳೇ ಹೇಳಿಬಿಟ್ಟಿದ್ದಾರೆ. ಕೊನೆಗೆ ಅವಳು ರಾಕ್ ಸಂಗೀತಕ್ಕೆ ಕೆಂಪು ಬೂಟು ತೊಟ್ಟು ಕುಣಿದು, ಹೊಸದಾಗಿ ಶುರುವಾಗುವ ಇನ್ನೊಂದು ಕಂಪನಿಗೆ ನೇರ ಪ್ರಧಾನ ನರ್ತಕಿಯಾಗಿ ಹೋಗುತ್ತಾಳೆ. ನೋಡಲು ಖುಷಿಯಾಗುವ ಸಿನಿಮಾ, ಸುಳ್ಳು ಹೇಳಲಾರೆ. ಆದರೆ ಆ ಪಾತ್ರ ಮಾಡಿದ ಅಮಾಂಡಾ ಶುಲ್ ಆಗ ನಿಜಕ್ಕೂ ಸ್ಯಾನ್ ಫ್ರಾನ್ಸಿಸ್ಕೊ ಬ್ಯಾಲೆ ಶಾಲೆಯ ವಿದ್ಯಾರ್ಥಿನಿ. ಸಿನಿಮಾ ಮುಗಿಸಿ ಅವರು ಹೋದದ್ದು ಆ ಊರಿನ ಕಂಪನಿಯ ಕೋರ್‌ಗೆ. ಅಲ್ಲಿ ಕೆಲವು ವರ್ಷ ಕುಣಿದರು. ಪರದೆಯ ಮೇಲೆ ಜೋಡಿ ತಪ್ಪಿಸಿಕೊಂಡ ಸಾಲಿಗೆ ಜೋಡಿಯಾಗಿ ನಟಿಸಿದವರು ಸೇರಿಕೊಂಡರು. ನನಗೆ ಈ ಎರಡನೆಯ ಕಥೆಯ ಸಿನಿಮಾ ನೋಡಬೇಕು ಅನ್ನಿಸುತ್ತದೆ.

ಬೆಸ್ ಕಾರ್ಗ್‌ಮನ್ ಅವರ ಸಾಕ್ಷ್ಯಚಿತ್ರ ‘ಫಸ್ಟ್ ಪೊಸಿಷನ್’ 2011ರದ್ದು, ಇದಕ್ಕಿಂತ ಪ್ರಾಮಾಣಿಕ. ಯೂತ್ ಅಮೆರಿಕ ಗ್ರಾಂ ಪ್ರೀ ಎಂಬ ಸ್ಪರ್ಧೆಗೆ ತಯಾರಾಗುವ ಮಕ್ಕಳ ಮನೆಗಳೊಳಗೆ ಅದು ಹೋಗುತ್ತದೆ. ಅವರಲ್ಲಿ ರೆಬೆಕಾ ಹೌಸ್‌ನೆಕ್ಟ್‌ಗೆ ಹದಿನೇಳು. ಉಳಿದ ಮಕ್ಕಳಿಗೆ ಪದಕ, ವಿದ್ಯಾರ್ಥಿವೇತನದ ಚಿಂತೆ. ಈಕೆಗೆ ಬೇಕಾಗಿರುವುದು ಕೆಲಸ. ಆ ಒಂದು ವ್ಯತ್ಯಾಸ ಮುಖದಲ್ಲೇ ಕಾಣುತ್ತದೆ. ಕೊನೆಗೆ ವಾಷಿಂಗ್ಟನ್ ಬ್ಯಾಲೆಯಿಂದ ಕರೆ ಬರುತ್ತದೆ, ಕಥೆ ಮುಗಿಯುತ್ತದೆ. ಸ್ಪರ್ಧೆಯ ಸ್ವರೂಪವೇ ಹಾಗೆ: ಒಬ್ಬರೇ ಬಂದು ಕೆಲವು ನಿಮಿಷ ಕುಣಿದು ಹೋಗಬೇಕು. ಸಾಲಿನಲ್ಲಿ ನಿಲ್ಲುವ ಕೆಲಸಕ್ಕೆ ಒಂಟಿ ನೃತ್ಯದಿಂದ ಅಳೆಯುವುದು! ಕಾರ್ಗ್‌ಮನ್ ಇದನ್ನು ಒಂದು ಕಡೆಯೂ ಕೇಳಲಿಲ್ಲ ಎನ್ನುವುದು ನನ್ನ ದೂರು.

ಸೂನಿ ತಾರಾಪೋರ್‌ವಾಲಾ ಅವರ ‘ಯೇ ಬ್ಯಾಲೆ’ಯಲ್ಲೂ ಮುಂಬೈಯ ಇಬ್ಬರು ಹುಡುಗರ ಕಥೆ ವಿಮಾನ ಹತ್ತುವಲ್ಲಿಗೆ ನಿಲ್ಲುತ್ತದೆ. ಹೆಚ್ಚು ಹೇಳಬೇಕಾದ್ದಿಲ್ಲ.

ನಾವು ಕನ್ನಡಿಗರು ಈ ಸಿನಿಮಾಗಳನ್ನು ಯಾವ ಅನುಮಾನವೂ ಇಲ್ಲದೆ ಒಪ್ಪಿಕೊಳ್ಳುವುದಕ್ಕೆ ನಮ್ಮದೇ ಒಂದು ಕಾರಣವಿದೆ. ನೃತ್ಯ ಕಲಿತ ಹುಡುಗಿಯ ಕಲಿಕೆ ಪೂರ್ತಿಯಾಯಿತು ಎಂದಾಗ ನಮ್ಮ ಕಣ್ಣೆದುರು ಬರುವುದು ರಂಗಪ್ರವೇಶ. ಕಾರ್ಡು ಅಚ್ಚಾಗುತ್ತದೆ, ಬಂಧುಬಳಗ ಬರುತ್ತದೆ, ಎಡಿಎ ರಂಗಮಂದಿರವೋ ಸೇವಾಸದನವೋ ತುಂಬುತ್ತದೆ. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಎರಡು ಗಂಟೆ ಅವಳೊಬ್ಬಳೇ. ನಡುವೆ ಅರ್ಧ ಗಂಟೆ ಮೀರುವ ವರ್ಣ. ಇಡೀ ರಂಗ ಅವಳದು, ಬೆಳಕು ಅವಳದು, ಗುರುಗಳು ನಟುವಾಂಗ ಹಿಡಿದು ಕೂತಿರುವುದೂ ಅವಳಿಗಾಗಿ. ನಾನು ಇಂಥ ಎಷ್ಟೋ ರಂಗಪ್ರವೇಶಗಳಿಗೆ ಹೋಗಿದ್ದೇನೆ, ಕೆಲವು ಈಗಲೂ ಕಣ್ಣಲ್ಲಿವೆ. ಎಷ್ಟೋ ಹುಡುಗಿಯರಿಗೆ ಅದೇ ಮೊದಲ ಮತ್ತು ಕೊನೆಯ ಪೂರ್ಣ ಕಾರ್ಯಕ್ರಮವಾಗುವುದನ್ನೂ ನೋಡಿದ್ದೇನೆ. ಆಮೇಲೆ ಎಂಜಿನಿಯರಿಂಗ್, ಮದುವೆ, ಬೇರೆ ಊರು. ನಮ್ಮ ಪ್ರವೇಶ ಒಂಟಿಯಾಗಿ ನಡೆಯುತ್ತದೆ, ಒಳಗೆ ಹೋದ ಮೇಲೆ ಅಲ್ಲಿ ಕೆಲಸ ಇರುವುದಿಲ್ಲ. ಬ್ಯಾಲೆಯಲ್ಲಿ ತಿರುಗುಮುರುಗು: ಕೆಲಸವಿದೆ, ಸಂಬಳವಿದೆ, ಒಂಟಿಯಾಗಿ ನಿಲ್ಲುವ ಜಾಗ ಮಾತ್ರ ಎಷ್ಟೋ ಜನರಿಗೆ ಕೊನೆಯವರೆಗೂ ಸಿಗುವುದಿಲ್ಲ. ರಂಗಪ್ರವೇಶದ ಕಣ್ಣಿಟ್ಟುಕೊಂಡು ನೋಡಿದರೆ ಕೋರ್‌ನ ಹುಡುಗಿ ಸೋತವಳಂತೆ ಕಾಣುತ್ತಾಳೆ.

ಈ ಕಣ್ಣನ್ನು ಬದಲಿಸಿದ ಕೃತಿ ನನ್ನ ಪಾಲಿಗೆ ಸಿನಿಮಾ ಅಲ್ಲ, ಒಂದು ಬ್ಯಾಲೆ. ಜಾರ್ಜ್ ಬ್ಯಾಲಂಚೀನ್ ಅವರ ‘ಸೆರೆನೇಡ್’.

ಬ್ಯಾಲಂಚೀನ್ 1933ರಲ್ಲಿ ಲಿಂಕನ್ ಕರ್ಸ್ಟೀನ್ ಕರೆಯ ಮೇರೆಗೆ ಅಮೆರಿಕಕ್ಕೆ ಬಂದರು. 1934ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ಶುರುವಾಯಿತು. ರಂಗದ ಮೇಲೆ ಹೇಗೆ ನಿಲ್ಲಬೇಕು ಎಂದು ಆ ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿಯೇ ಅವರು ಚೈಕೋವ್‌ಸ್ಕಿಯ ತಂತಿವಾದ್ಯಗಳ ಸೆರೆನೇಡ್ ಎತ್ತಿಕೊಂಡು ಒಂದು ನೃತ್ಯ ಕಟ್ಟಿದರು. ಮೊದಲ ದಿನ ಬಂದವರು ಹದಿನೇಳು ಹುಡುಗಿಯರು, ಹಾಗಾಗಿ ಆರಂಭದ ದೃಶ್ಯಕ್ಕೆ ಹದಿನೇಳು ಮಂದಿ. ಇನ್ನೊಂದು ದಿನ ಒಂಬತ್ತೇ ಜನ, ಮತ್ತೊಂದು ದಿನ ಆರು; ಬಂದವರಿಗೆ ಮಾತ್ರ ಕಟ್ಟಿದರು. ಒಬ್ಬಳು ಓಡುವಾಗ ಬಿದ್ದು ಅತ್ತಳು, ಅದೂ ಒಳಗೆ ಬಂತು. ಒಬ್ಬಳು ತಡವಾಗಿ ಬಂದಳು, ಅದೂ ಬಂತು. ಬ್ಯಾಲಂಚೀನ್ ತಾವೇ ಹೇಳಿಕೊಂಡ ಕಥೆಯಿದು. 1934ರ ಜೂನ್ 10ರಂದು ನ್ಯೂಯಾರ್ಕ್ ಬಳಿಯ ವೈಟ್ ಪ್ಲೇನ್ಸ್‌ನಲ್ಲಿ, ವಾರ್‌ಬರ್ಗ್ ಮನೆತನದ ತೋಟದಲ್ಲಿ ಬಯಲು ರಂಗದ ಮೇಲೆ ಮೊದಲ ಪ್ರದರ್ಶನವಾಯಿತು.

ಪರದೆ ಎದ್ದಾಗ ಹದಿನೇಳು ಹುಡುಗಿಯರು ನಿಂತಿದ್ದಾರೆ, ಒಂದು ಕೈ ಮೇಲಕ್ಕೆ, ದೂರದ ಬೆಳಕನ್ನು ಅಂಗೈಯಿಂದ ತಡೆದಂತೆ. ಪಾದಗಳು ನಮ್ಮ ನಿಮ್ಮ ಪಾದಗಳ ಹಾಗೆ ನೇರವಾಗಿವೆ. ನಿಧಾನಕ್ಕೆ ಮಣಿಕಟ್ಟು ಬಾಗುತ್ತದೆ, ಕೈ ಹಣೆಗೆ ಬರುತ್ತದೆ, ಎದೆಗೆ ಇಳಿಯುತ್ತದೆ. ಆಮೇಲೆ ಹದಿನೇಳು ಜೊತೆ ಪಾದಗಳು ಒಮ್ಮೆಗೇ ಹೊರಕ್ಕೆ ತೆರೆದುಕೊಳ್ಳುತ್ತವೆ. ಅಷ್ಟೇ. ಅದು ಬ್ಯಾಲೆಯ ಮೊದಲ ಸ್ಥಾನ, ಮೊದಲ ತರಗತಿಯ ಮೊದಲ ಪಾಠ. ಎಂಟು ವರ್ಷದ ಕಲಿಕೆ ಒಂದು ಕ್ಷಣಕ್ಕೆ ಇಳಿದು ಬಂದಂತೆ, ಸಾಮಾನ್ಯ ಹುಡುಗಿಯರು ನಮ್ಮೆದುರಿಗೇ ನರ್ತಕಿಯರಾಗುತ್ತಾರೆ. ಯಾರೊಬ್ಬಳೂ ಮೊದಲಾಗುವುದಿಲ್ಲ. ಒಬ್ಬಳೇ ಇದನ್ನು ಮಾಡಿದ್ದರೆ ಅದು ಬರೀ ವ್ಯಾಯಾಮ; ಹದಿನೇಳು ಮಂದಿ ಮಾಡಿದಾಗ ನನ್ನ ಗಂಟಲು ಕಟ್ಟುತ್ತದೆ.

ತಡವಾಗಿ ಬಂದವಳ ದೃಶ್ಯ ಮೊದಲ ಭಾಗದ ಕೊನೆಗೆ ಬರುತ್ತದೆ. ಎಲ್ಲರೂ ಮತ್ತೆ ಮೊದಲಿನ ಹಾಗೇ ಕೈ ಎತ್ತಿ ನಿಂತಿದ್ದಾರೆ. ಒಬ್ಬಳು ಹೊರಗಿನಿಂದ ಬಂದು ಅವರ ನಡುವೆ ಹುಡುಕುತ್ತಾ ನಡೆಯುತ್ತಾಳೆ, ತನ್ನ ಖಾಲಿ ಜಾಗ ಕಂಡುಕೊಳ್ಳುತ್ತಾಳೆ, ತಾನೂ ಕೈ ಎತ್ತುತ್ತಾಳೆ. ಅವಳು ಎತ್ತುತ್ತಿದ್ದಂತೆ ಉಳಿದವರು ತಿರುಗಿ ಮೆಲ್ಲಗೆ ಹೊರಟುಹೋಗುತ್ತಾರೆ. ಇದಕ್ಕೆ ಕಥೆಯಿಲ್ಲ, ಪಾತ್ರಗಳಿಗೆ ಹೆಸರೂ ಇಲ್ಲ. ಆದರೂ ಕೊನೆಯ ವರ್ಷದ ಹುಡುಗಿಯ ಹೊಟ್ಟೆಯೊಳಗಿನ ಸಂಕಟ ಇದಕ್ಕಿಂತ ನಿಖರವಾಗಿ ಎಲ್ಲೂ ಕಂಡಿಲ್ಲ ನನಗೆ. ಜಾಗ ಸಿಕ್ಕಿತು, ಸಿಕ್ಕ ಹೊತ್ತಿಗೆ ಜೊತೆಯವರು ಚದುರಿದರು. ಒಟ್ಟಿಗೆ ಎಂಟು ವರ್ಷ ಕಂಬಿ ಹಿಡಿದವರು ಆ ಬೇಸಿಗೆಯ ನಂತರ ಒಂದೊಂದು ಊರಿಗೆ, ಕೆಲವರು ಮನೆಗೆ.

ಹೀಗೆ ಹೇಳಿ ಸಾಲನ್ನು ಸ್ವರ್ಗ ಮಾಡಿಬಿಡುವುದು ಸುಲಭ. ಅದಕ್ಕೆ ಅಡ್ಡ ಬರುವ ದೃಶ್ಯವೊಂದು ‘ಫಸ್ಟ್ ಪೊಸಿಷನ್’ನಲ್ಲೇ ಇದೆ. ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿ, ಯುದ್ಧದಲ್ಲಿ ಅನಾಥಳಾಗಿ, ಅಮೆರಿಕದ ಮನೆಗೆ ದತ್ತು ಬಂದ ಮಿಕೇಲಾ ಡಿಪ್ರಿನ್ಸ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಉಡುಪಿನ ಭುಜದ ಪಟ್ಟಿ ‘ಮೈಬಣ್ಣ’ದ್ದು, ಅಂದರೆ ಬಿಳಿಯರ ಮೈಬಣ್ಣದ್ದು. ಅವಳ ತಾಯಿ ಅದಕ್ಕೆ ಕಂದು ಬಣ್ಣ ಹಾಕುತ್ತಾರೆ. ಬಹಳ ಸಣ್ಣ ದೃಶ್ಯ, ಯಾರೂ ಭಾಷಣ ಮಾಡುವುದಿಲ್ಲ. ಒಂದೇ ತರಹ ಕಾಣಬೇಕು ಎಂಬ ಸಾಲಿನ ನಿಯಮ ಯಾರ ಅಳತೆಯಲ್ಲಿ ತಯಾರಾದದ್ದು ಎನ್ನುವುದು ಆ ಬಣ್ಣದ ನೀರಿನಲ್ಲಿ ತೇಲುತ್ತದೆ. ಆ ಹುಡುಗಿ ಮುಂದೆ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ಗೂ ಡಚ್ ನ್ಯಾಷನಲ್ ಬ್ಯಾಲೆಗೂ ಹೋದಳು, 2024ರಲ್ಲಿ ಇಪ್ಪತ್ತೊಂಬತ್ತಕ್ಕೆ ತೀರಿಕೊಂಡಳು. ಇನ್ನು ಬ್ಯಾಲಂಚೀನ್ ಕೂಡ ಹೊರತಲ್ಲ. ಅವರು ಮೆಚ್ಚುತ್ತಿದ್ದ ತೆಳು ದೇಹ ತಮ್ಮಂಥ ಹುಡುಗಿಯರನ್ನು ಯಾವ ಗತಿಗೆ ತಂದಿತು ಎಂದು ಗೆಲ್ಸಿ ಕರ್ಕ್‌ಲ್ಯಾಂಡ್ 1986ರ ತಮ್ಮ ಆತ್ಮಕಥೆಯಲ್ಲಿ ಕಟುವಾಗಿ ಬರೆದಿದ್ದಾರೆ. ‘ಸೆರೆನೇಡ್’ ಬಿದ್ದವಳನ್ನು ಒಳಗೆ ಸೇರಿಸಿಕೊಂಡಿತು ನಿಜ; ದಪ್ಪಗಾದವಳನ್ನು ಆ ಲೋಕ ಸೇರಿಸಿಕೊಳ್ಳಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾನು ಅದನ್ನು ನೋಡುತ್ತೇನೆ.

ನಮ್ಮ ದೇಶದ ಹೆಸರು ಹೊತ್ತ ಸಾಲೂ ಒಂದಿದೆ. 1877ರಲ್ಲಿ ಮಾರಿಯಸ್ ಪೆಟಿಪಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಟ್ಟಿದ ‘ಲಾ ಬಯಾಡೇರ್’ನ ನಾಯಕಿ ದೇವದಾಸಿ. ಅದರ ಭಾರತ ನಗು ತರಿಸುವಂಥದ್ದು, ಅದನ್ನು ಬಿಡಿ. ನೆರಳುಗಳ ಲೋಕದ ದೃಶ್ಯದಲ್ಲಿ ಬಿಳಿ ಉಡುಪಿನ ಹುಡುಗಿಯರು ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಬರುತ್ತಾರೆ. ಒಂದು ಕಾಲು ಹಿಂದಕ್ಕೆ ಎತ್ತುವುದು, ಹಿಂದೆ ಬಾಗುವುದು, ಎರಡು ಹೆಜ್ಜೆ, ಮತ್ತೆ ಅದೇ. ಮಾರಿನ್‌ಸ್ಕಿಯಲ್ಲಿ ಮೂವತ್ತೆರಡು ಮಂದಿ, ಕೆಲವು ಕಡೆ ಇಪ್ಪತ್ತನಾಲ್ಕು. ಮೊದಲು ಇಳಿದವಳು ಕೊನೆಯವಳು ಬರುವ ತನಕ ಅದನ್ನೇ ಮಾಡುತ್ತಿರಬೇಕು. ಯಾರ ಕಾಲು ನಡುಗಿತೆಂದು ಇಡೀ ಸಭೆಗೆ ಗೊತ್ತಾಗುತ್ತದೆ, ಯಾರ ಕಾಲು ನಡುಗಲಿಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ. ಕೋರ್‌ನ ಕೆಲಸದ ಕಷ್ಟ ಇದೇ.

ಆ ಕೆಲಸದೊಳಗಿನಿಂದ ಬಂದ ಪುಸ್ತಕ ಬೇಕೆಂದರೆ ಟೋನಿ ಬೆಂಟ್ಲಿ ಅವರ ‘ವಿಂಟರ್ ಸೀಸನ್’ ಇದೆ. ಬ್ಯಾಲಂಚೀನ್ ಶಾಲೆಯಲ್ಲೇ ಕಲಿತು ನ್ಯೂಯಾರ್ಕ್ ಸಿಟಿ ಬ್ಯಾಲೆಯ ಕೋರ್ ಸೇರಿದ ಹುಡುಗಿಯ ದಿನಚರಿ, 1982ರಲ್ಲಿ ಅಚ್ಚಾಯಿತು. ಸಿನಿಮಾಗಳು ಹೆಸರುಗಳನ್ನು ಓಡಿಸಲು ಶುರುಮಾಡುವ ಜಾಗದಿಂದ ಮುಂದಿನದ್ದು ಅದರಲ್ಲಿದೆ. ತಾನು ಪ್ರಧಾನ ನರ್ತಕಿಯಾಗುವುದಿಲ್ಲ ಎಂಬ ಅರಿವು, ಆದರೂ ಸಂಜೆ ಪರದೆ ಏಳುವ ಹೊತ್ತಿಗೆ ಬೇರೆಲ್ಲೂ ಇರಲು ಒಲ್ಲದ ಮನಸ್ಸು. ವಿದ್ಯಾರ್ಥಿಗಳು ಇದನ್ನು ಮೊದಲು ಓದಿ, ಆಮೇಲೆ ಸಿನಿಮಾ ನೋಡಲಿ.

ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆಯ ವಾರ್ಷಿಕ ಪ್ರದರ್ಶನ 1965ರಿಂದ ನಡೆಯುತ್ತಿದೆ. ಕೊನೆಯ ವರ್ಷದವರು ಅಲ್ಲಿ ‘ಸೆರೆನೇಡ್’ ಕುಣಿದದ್ದೂ ಇದೆ, ಯಾರಿಗಾಗಿ ಅದು ಹುಟ್ಟಿತೋ ಆ ವಯಸ್ಸಿನವರೇ. ಅದರ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ನೋಡುವಾಗ ಹಿಂದಿನ ಸಾಲಿನ ಒಬ್ಬಳನ್ನು ಮೊದಲೇ ಆರಿಸಿಕೊಂಡು ಅವಳನ್ನೇ ಹಿಂಬಾಲಿಸಿ. ಕ್ಯಾಮೆರಾ ಅವಳನ್ನು ಪದೇ ಪದೇ ಬಿಟ್ಟುಹೋಗುತ್ತದೆ, ಮತ್ತೆ ಹುಡುಕಿಕೊಳ್ಳಬೇಕಾಗುತ್ತದೆ.