ಸ್ಟುಡಿಯೋ ನೋಡಿ ಬಂದ ಮೇಲೆ

ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಹದಿನೆಂಟು ವಿದ್ಯಾರ್ಥಿಗಳು ಹೈದರಾಬಾದಿನ ಹೊರಗೆ, ವಿಜಯವಾಡ ರಸ್ತೆಯಲ್ಲಿರುವ ರಾಮೋಜಿ ಫಿಲ್ಮ್ ಸಿಟಿಯನ್ನು ನೋಡಿ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ಗುಂಪುಗಳಾಗಿ ಹಂಚಿಕೊಂಡು, ಮೊಬೈಲ್ ಫೋನಿನಲ್ಲೇ ನಾಲ್ಕು ಕಿರುಚಿತ್ರಗಳನ್ನು ತೆಗೆದು ಸಂಘದ ಸಭಾಂಗಣದಲ್ಲಿ ಪ್ರದರ್ಶಿಸಿದರು. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಬೆನ್ನು ತಟ್ಟುವುದೇ ವಿಮರ್ಶೆಯಲ್ಲವಾದ್ದರಿಂದ ಎರಡು ಮಾತು ಹೇಳಬೇಕಾಗಿದೆ.

1996ರಲ್ಲಿ ಆರಂಭವಾದ ಈ ಚಿತ್ರನಗರಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಹೋದವರೆಲ್ಲ ‘ಬಾಹುಬಲಿ’ ಚಿತ್ರದ ಸೆಟ್ಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಣ್ಣಿಗೆ ಮೊದಲು ಬೀಳುವುದು ಗಾತ್ರ. ನಮ್ಮ ಮಕ್ಕಳ ಮೂರು ಚಿತ್ರಗಳು ಈ ಗಾತ್ರವನ್ನೇ ಹೊತ್ತು ತಂದಿವೆ. ಒಂದರಲ್ಲಿ ರಟ್ಟಿನ ಕಿರೀಟದ ರಾಜ ಅಪಾರ್ಟ್‌ಮೆಂಟಿನ ಮಹಡಿಯ ಮೇಲೆ ನಿಂತು ಘರ್ಜಿಸುತ್ತಾನೆ. ಇನ್ನೊಂದರಲ್ಲಿ ಫೋನಿನೊಳಗೇ ಹುಟ್ಟಿದ ಬೆಂಕಿ ಕಾರೊಂದನ್ನು ಸುಡುತ್ತದೆ. ಮೂರನೆಯದರಲ್ಲಿ ಬರೀ ಹೊಡೆದಾಟ. ಕೋಟಿಗಟ್ಟಲೆ ಹಣದ ಕೆಲಸವನ್ನು ಕಾಸಿಲ್ಲದೆ ಅನುಕರಿಸಹೊರಟರೆ ಉಳಿಯುವುದು ಅಣಕವಷ್ಟೆ.

ಅದೇ ಪ್ರವಾಸದಲ್ಲಿ ಇನ್ನೊಂದು ಪಾಠವೂ ಇತ್ತು. ಪ್ರೇಕ್ಷಕರಲ್ಲೇ ಒಬ್ಬಾಕೆಯನ್ನು ಕರೆದು ‘ಶೋಲೆ’ಯ ಬಸಂತಿಯಂತೆ ಟಾಂಗಾ ಏರಿಸುತ್ತಾರೆ. ಟಾಂಗಾ ನಿಂತಲ್ಲೇ ಇರುತ್ತದೆ. ಆಮೇಲೆ ಬೇರೊಂದು ಕಡೆ ಸದ್ದುಗಳನ್ನು ಕೂಡಿಸುತ್ತಾರೆ, ಹಿನ್ನೆಲೆಯ ದೃಶ್ಯ ಸೇರಿಸುತ್ತಾರೆ. ಕೊನೆಗೆ ಪರದೆಯ ಮೇಲೆ ಟಾಂಗಾ ಓಡಿಯೇ ಓಡುತ್ತದೆ! 1975ರಲ್ಲಿ ತೆರೆ ಕಂಡ ಆ ಚಿತ್ರದ ಊರನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ಕಟ್ಟಿದ್ದರೆಂಬುದು ಕನ್ನಡಿಗರಿಗೆಲ್ಲ ಗೊತ್ತು. ಇಲ್ಲಿ ಬಂಡೆಯೂ ಇಲ್ಲ, ಓಟವೂ ಇಲ್ಲ. ಆದರೂ ನೋಡುವವನು ನಂಬುತ್ತಾನೆ. ಏಕೆ ನಂಬುತ್ತಾನೆ? ವಿದ್ಯಾರ್ಥಿಯು ಸ್ಟುಡಿಯೋದಿಂದ ತರಬೇಕಾದದ್ದು ಈ ಪ್ರಶ್ನೆಯನ್ನು.

ನಾಲ್ಕನೆಯ ಚಿತ್ರ ಇದನ್ನು ತಂದಿದೆ. ಒಂಬತ್ತನೆಯ ಮಹಡಿಯ ಮನೆಯಲ್ಲಿ ಮಧ್ಯಾಹ್ನ ಒಬ್ಬರೇ ಇರುವ ಅಜ್ಜಿ. ಊರು ಬಿಟ್ಟು ಮಗನ ಮನೆಗೆ ಬಂದವರು. ಪಕ್ಕದ ಮನೆಯವರ ಭಾಷೆ ಬಾರದು. ಲಿಫ್ಟಿನ ಬಾಗಿಲು ತೆರೆದ ಸದ್ದಾದಾಗಲೆಲ್ಲ ತಲೆ ಎತ್ತುತ್ತಾರೆ. ಹೆಜ್ಜೆಗಳು ಬೇರೆ ಬಾಗಿಲಿಗೆ ಹೋಗುತ್ತವೆ. ಲಿಫ್ಟನ್ನು ಒಮ್ಮೆಯೂ ತೋರಿಸುವುದಿಲ್ಲ. ವಿಚಾರಿಸಿದಾಗ ತಿಳಿಯಿತು, ಆ ಸದ್ದು ಮನೆಯ ಕಬ್ಬಿಣದ ಬೀರುವಿನದು! ನಾಲ್ಕು ನಿಮಿಷದಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳ ಮಧ್ಯಾಹ್ನ ಕಣ್ಣ ಮುಂದೆ ಬಂತು.

ದೋಷಗಳೂ ಇವೆ. ಕೊನೆಗೆ ಮೊಮ್ಮಗಳು ಬಂದು ಅಪ್ಪಿಕೊಳ್ಳುವಾಗ ಹಾಕಿರುವ ಹಾಡು ಬೇಡವಾಗಿತ್ತು. ಬಾಗಿಲ ಗಂಟೆಯೊಂದೇ ಸಾಕಿತ್ತು. ಕಿಟಕಿಯ ಬೆಳಕಿನಿಂದ ಅಜ್ಜಿಯ ಅರ್ಧ ಮುಖ ಕಪ್ಪಾಗಿದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕಾಗಿ ಬನ್ಸಿ ಚಂದ್ರಗುಪ್ತ ಅವರು ಕಾಶಿಯ ಮನೆಯನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಟ್ಟೆ ಹರಡಿ, ದೀಪಗಳ ಬೆಳಕನ್ನು ಅದಕ್ಕೆ ತಾಗಿಸಿ ಕೆಳಗಿಳಿಸಿದರು. ಅಂಗಳಕ್ಕೆ ಆಕಾಶದ ಬೆಳಕು ಬಂತು. ಕಿಟಕಿಗೆ ಎದುರಾಗಿ ಒಂದು ಬಿಳಿ ಪಂಚೆ ಕಟ್ಟಿದ್ದರೆ ನಮ್ಮ ಮಕ್ಕಳಿಗೂ ಬೆಳಕು ಸಿಗುತ್ತಿತ್ತು.

ಸ್ಟುಡಿಯೋದಲ್ಲಿ ಕಲಿತವನು ಸ್ಟುಡಿಯೋದ ಚಿತ್ರವನ್ನೇ ತೆಗೆಯಬೇಕಾಗಿಲ್ಲ. ‘ಸಂತ ತುಕಾರಾಂ’ (1936) ತಯಾರಾದ ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅಲ್ಲಿ ಓದಿದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ್ದು ಮಲೆನಾಡಿನ ಅಗ್ರಹಾರದ ‘ಘಟಶ್ರಾದ್ಧ’, ಅದೂ ಕಪ್ಪು ಬಿಳುಪಿನಲ್ಲಿ. ಅದಕ್ಕೆ ಸ್ವರ್ಣಕಮಲ ಬಂತು.

ಇನ್ನು ನಮ್ಮ ತಪ್ಪಿನ ಮಾತು. ಮೊದಲ ಬಹುಮಾನ ರಾಜನ ಚಿತ್ರಕ್ಕೆ ಹೋಯಿತು. ತೀರ್ಪುಗಾರರಲ್ಲಿ ನಾವೂ ಒಬ್ಬರು. ಸಭೆಯ ಚಪ್ಪಾಳೆಗೆ ತಲೆದೂಗಿದೆವು. ಅಜ್ಜಿಯ ಚಿತ್ರ ತೆಗೆದ ಹುಡುಗಿ ಆಮೇಲೆ ಬಂದು, “ಅಂಕಲ್, ನಮ್ದು ತುಂಬಾ ಸಣ್ಣದಾಯ್ತಾ?” ಎಂದು ಕೇಳಿದಳು. ಅಂದು ಏನೋ ಹೇಳಿ ಜಾರಿಕೊಂಡೆವು. ಇಂದು ಹೇಳುತ್ತೇವೆ: ಇಲ್ಲಮ್ಮ, ಸಣ್ಣದಾದದ್ದು ನಮ್ಮ ತೀರ್ಪು.

ಮುಂದಿನ ವರ್ಷವೂ ಮಕ್ಕಳನ್ನು ಕರೆದೊಯ್ಯುವುದಾಗಿ ಕಾರ್ಯಕಾರಿ ಸಮಿತಿ ಹೇಳಿದೆ. ಒಳ್ಳೆಯದೇ. ಆದರೆ ಸೆಟ್ಟಿನ ಮುಂದೆ ಫೋಟೋ ಮುಗಿದ ಮೇಲೆ ಅದರ ಹಿಂಭಾಗಕ್ಕೂ ಕರೆದೊಯ್ಯಲಿ. ಸಾಧ್ಯವಾದರೆ ಬಡಗಿಯೊಡನೆ, ದೀಪ ಹಿಡಿಯುವವನೊಡನೆ, ಸದ್ದು ಕೂಡಿಸುವವನೊಡನೆ ಅರ್ಧ ಗಂಟೆ ಮಾತಾಡಿಸಲಿ. ತೀರ್ಪುಗಾರರನ್ನೂ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.