ಗೇಟಿನ ಅಗಲ ಎಷ್ಟು?

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಎಷ್ಟೋ ಮನೆಗಳ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ‘ನೋ ಪಾರ್ಕಿಂಗ್’ ಬೋರ್ಡು. ಕೆಲವು ಗೇಟುಗಳಲ್ಲಿ ಅದರ ಕೆಳಗೇ ‘ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು’ ಎಂಬ ಸಾಲು. ಗೇಟು ಮುಗಿದ ಮೇಲೂ ಕಾಂಪೌಂಡಿನ ಉದ್ದಕ್ಕೆ ಹೂಕುಂಡ, ಸೈಜುಗಲ್ಲು, ಸಿಮೆಂಟು ತುಂಬಿದ ಪೇಂಟ್ ಡಬ್ಬ. ಬೋರ್ಡು ಕೇಳುವುದನ್ನೇ ಕಲ್ಲೂ ಕೇಳುತ್ತಿದೆ ಎಂದು ನಾವು ನಂಬಿಬಿಟ್ಟಿದ್ದೇವೆ. ನೆರೆಹೊರೆಯ ಜಗಳ ಹುಟ್ಟುವುದೇ ಈ ತಪ್ಪು ನಂಬಿಕೆಯಲ್ಲಿ.

ಕಟ್ಟಡದ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳೂ ಅದನ್ನೇ ಹೇಳುತ್ತವೆ. ಹಾಗಾಗಿ ಬೋರ್ಡು ಇಲ್ಲದ ಗೇಟಿಗೂ ರಕ್ಷಣೆ ಇದೆ. ಆದರೆ ಆ ರಕ್ಷಣೆ ಗೇಟಿನ ಬಾಯಿಗೆ ಮಾತ್ರ. ಮೂವತ್ತು–ನಲವತ್ತರ ಸೈಟು ಕೊಂಡವರು ಮುಂದಿನ ಮೂವತ್ತು ಅಡಿ ರಸ್ತೆಯನ್ನೂ ಕೊಂಡಿರುವುದಿಲ್ಲ. ಇನ್ನು ಗಾಳಿ ಬಿಡುವ ಬೆದರಿಕೆ: ಇನ್ನೊಬ್ಬರ ಸ್ವತ್ತನ್ನು ಬೇಕೆಂದೇ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧ. ಅಂಥ ಕೆಲಸ ಮಾಡುತ್ತೇನೆಂದು ಗೇಟಿಗೆ ಬರೆದು ಹಾಕುವುದು ಸಭ್ಯರ ಕೇರಿಗೆ ಒಪ್ಪುವ ರೂಢಿಯಲ್ಲ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ನಮ್ಮ ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು. ಯಾರದೆಂದು ತಿಳಿಯದು. ನಾಲ್ಕು ಮನೆಯ ಬೆಲ್ ಒತ್ತಿದ ಮೇಲೆ ಎದುರುಮನೆಯ ಎರಡನೇ ಮಹಡಿಯಿಂದ ಬಾಡಿಗೆಯ ಹುಡುಗ ಬರಿಗಾಲಲ್ಲಿ ಓಡಿ ಬಂದ. “ಸಾರಿ ಆಂಟಿ, ಎಲ್ಲೂ ಜಾಗ ಸಿಗಲಿಲ್ಲ. ನಮ್ಮ ಓನರ್ ಕೆಳಗೆ ನಿಲ್ಲಿಸೋಕೆ ಬಿಡಲ್ಲ” ಎಂದ. ಬಿಡಲು ಅಲ್ಲಿ ಜಾಗವಾದರೂ ಎಲ್ಲಿತ್ತು? ಕಾರಿಗೆಂದು ಬಿಟ್ಟಿದ್ದ ನೆಲಮಹಡಿಗೆ ಗೋಡೆ ಎದ್ದು, ಅದೂ ಒಂದು ಬಾಡಿಗೆ ಮನೆಯಾಗಿತ್ತು. ನಮ್ಮ ಕಾಂಪೌಂಡಿನ ಮುಂದೆ ಒಂದು ಕಾರು ಹಿಡಿಸುವಷ್ಟು ಜಾಗವಿತ್ತು. ಅಲ್ಲಿ ನಾನೇ ಎರಡು ದಾಸವಾಳದ ಕುಂಡ ಇಟ್ಟಿದ್ದೆ. ಹುಡುಗನದು ತಪ್ಪೇ. ಆದರೆ ಆ ತಪ್ಪಿನಲ್ಲಿ ಅವನ ಮನೆ ಮಾಲೀಕರದೂ ನನ್ನದೂ ಪಾಲಿದೆ. ಅದೇ ವಾರ ಕುಂಡಗಳನ್ನು ಒಳಗೆ ತೆಗೆದಿಟ್ಟೆ. ಈಗ ಅವನ ಕಾರು ಅಲ್ಲೇ ನಿಲ್ಲುತ್ತದೆ, ಮುಂದಿನ ಗಾಜಿನೊಳಗೆ ಫೋನ್ ನಂಬರಿನ ಚೀಟಿ ಇರುತ್ತದೆ.

ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ‘ಪಾರ್ಕಿಂಗ್ ನೀತಿ 2.0’ ವಸತಿ ರಸ್ತೆಗಳಲ್ಲಿ ಗಾಡಿ ನಿಲ್ಲಿಸಲು ವಾರ್ಷಿಕ ಶುಲ್ಕದ ಪರವಾನಗಿ ಕೊಡಬೇಕೆನ್ನುತ್ತದೆ. ಸಾರ್ವಜನಿಕ ರಸ್ತೆಯನ್ನು ಬಳಸುವವರು ಅದಕ್ಕೆ ಬೆಲೆ ಕೊಡಲಿ ಎಂಬ ಅದರ ತತ್ವ ನನಗೆ ಪೂರ್ತಿ ಒಪ್ಪಿಗೆ. ಜಪಾನ್ 1962ರಲ್ಲೇ ಕಾನೂನು ತಂದು, ಗಾಡಿ ನಿಲ್ಲಿಸಲು ಜಾಗವಿದೆ ಎಂದು ತೋರಿಸುವ ಹೊಣೆಯನ್ನು ಕಾರು ಕೊಳ್ಳುವವರ ಮೇಲೆ ಹೊರಿಸಿತು. ನಮ್ಮಲ್ಲಿ ಜಾಗದ ಪ್ರಶ್ನೆ ಏಳುವುದು ಕಾರು ಬೀದಿಗೆ ಬಂದ ಮೇಲೆ. ಪಾರ್ಕಿಂಗ್ ಜಾಗವನ್ನು ಬಾಡಿಗೆಗೆ ತಿರುಗಿಸಿದ ಮಾಲೀಕರನ್ನು ಪ್ರಶ್ನಿಸದೆ ಬರೀ ಪರವಾನಗಿ ಚೀಟಿ ಹಂಚಿದರೆ ಆ ನೀತಿ ಅರ್ಧ ಕೆಲಸವನ್ನಷ್ಟೇ ಮಾಡೀತು.

ಗೇಟಿಗೆ ಅಡ್ಡ ಕಾರು ಕಂಡರೆ ಮೊದಲು ಗಾಜಿನ ಮೇಲೆ ನಂಬರಿದೆಯೇ ನೋಡಿ, ಅಕ್ಕಪಕ್ಕದ ಬಾಗಿಲು ತಟ್ಟಿ. ಯಾರೂ ಬಾರದಿದ್ದರೆ ಫೋಟೋ ತೆಗೆದು 112ಕ್ಕೆ ಕರೆ ಮಾಡಿ, ಟೈರು ಮುಟ್ಟಬೇಡಿ. ಅದಕ್ಕೂ ಮೊದಲು ನಿಮ್ಮ ಗೇಟಿನ ಅಗಲವನ್ನೊಮ್ಮೆ ಅಳೆದು, ಅದರಾಚೆ ನೀವಿಟ್ಟ ಕಲ್ಲುಗಳನ್ನು ದಯವಿಟ್ಟು ಒಳಗೆ ತೆಗೆದಿಡಿ.