ಮಿದುಳಿನ ಕನ್ನಡ ಪರಿಭಾಷೆ: ಒಂದು ವಿಮರ್ಶೆ

ಶಾಸ್ತ್ರವಿಷಯವನ್ನು ದೇಶಭಾಷೆಯಲ್ಲಿ ಹೇಳಹೊರಟವರಿಗೆ ಮೊದಲು ಎದುರಾಗುವ ತೊಡಕು ಪರಿಭಾಷೆಯದು. ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳ ಮೂಲಕ ಈ ತೊಡಕಿಗೆ ಎದೆಗೊಟ್ಟುದು ವಿದಿತವೇ ಇದೆ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾಗಿ ಅಂಗರಚನಾಶಾಸ್ತ್ರದ ಬೋಧನೆ ಈ ಸೀಮೆಗೇ ಬಂದಿತಾದರೂ ಅದರ ಭಾಷೆ ಇಂಗ್ಲಿಷು. ಕಾರ್ಕಳದ ಬಳಿಯ ಕುಕ್ಕುಂದೂರಿನಂತಹ ಊರಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಮಿದುಳಿನ ಪರಿಚಯವಾಗುವುದು ಪಠ್ಯದ ಕನ್ನಡ ಪದಗಳಿಂದಲೇ. ಆ ಪದಗಳು ವಸ್ತುವನ್ನು ತೋರುತ್ತವೆಯೋ ಮರೆಸುತ್ತವೆಯೋ ಎಂಬುದು ಇಲ್ಲಿನ ಪರಿಶೀಲನೆಯ ವಿಷಯ.

ನಮ್ಮಲ್ಲಿ ಎರಡು ಪದಪರಂಪರೆಗಳಿವೆ. ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು ಎಂಬುವು ಒಂದು. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮಣಿಶಿರ ಎಂಬುವು ಇನ್ನೊಂದು. ಮೊದಲಿನವು ಸ್ಥಾನವನ್ನು ತಾವೇ ಹೇಳುತ್ತವೆ. ಉಸಿರಾಟ, ಹೃದಯದ ಬಡಿತಗಳನ್ನು ನಿಯಂತ್ರಿಸುವ ಭಾಗಕ್ಕೆ ‘ಮಣಿಶಿರ’ವೆಂದರೆ ಸ್ಥಾನವೂ ತಿಳಿಯದು, ಕಾರ್ಯವೂ ತಿಳಿಯದು. ಅದರಿಂದ ಕೆಳಗಿಳಿಯುವ ನರತಂತುಗಳ ಕಟ್ಟಿಗೆ ‘ಮಿದುಳುಬಳ್ಳಿ’ ಎಂದವರು ಮಾತ್ರ ಪರಿಭಾಷೆಯ ಮರ್ಮವನ್ನು ಬಲ್ಲವರು.

ಹಾಗೆಂದು ಅಚ್ಚಗನ್ನಡವೆಲ್ಲ ನಿರ್ದುಷ್ಟವೆಂದು ಭಾವಿಸಲಾಗದು. ‘ಕಿರುಮೆದುಳು’ ಎಂಬುದನ್ನೇ ನೋಡಬಹುದು. ತೂಕದಲ್ಲಿ ಅದು ಇಡೀ ಮಿದುಳಿನ ಹತ್ತರಲ್ಲೊಂದು ಪಾಲು. ಆದರೆ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಯೇ ಇವೆ. ದೇಹದ ಸಮತೋಲ, ಚಲನೆಯ ಹದ ಅದರ ಹೊಣೆ. ಮೂಲದ ಲ್ಯಾಟಿನ್ ಹೆಸರಿನ ಅರ್ಥವೂ ‘ಕಿರಿಯ ಮಿದುಳು’ ಎಂದೇ ಆದುದರಿಂದ ದೋಷ ಕನ್ನಡದ್ದಲ್ಲ. ಪದವನ್ನು ಬಿಡಬೇಕಾಗಿಲ್ಲ, ಅಧ್ಯಾಪಕನ ವಿವರಣೆ ಅದಕ್ಕೆ ಜೊತೆಯಾದರೆ ಸಾಕು.

ಪಠ್ಯದಾಚೆಗೆ ಈ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗುತ್ತದೆ. ‘ಪಾರ್ಶ್ವವಾಯು’ ವಾತದೋಷದ ಕಲ್ಪನೆಯಿಂದ ಹುಟ್ಟಿದ ಮಾತು. ‘ಲಕ್ವ ಹೊಡೆಯಿತು’ ಎಂಬುದು ಜನರ ಮಾತು. ಇವೆರಡರಲ್ಲಿಯೂ ಮಿದುಳಿನ ಹೆಸರಿಲ್ಲ. ಆದುದರಿಂದ ಕೈಕಾಲು ಬಿದ್ದುಹೋದಾಗ ಜನರ ಗಮನ ಕೈಕಾಲಿನ ಮೇಲೆಯೇ ನಿಲ್ಲುತ್ತದೆ. ಎಣ್ಣೆ ನೀವುವುದರಲ್ಲಿ ಹೊತ್ತು ಕಳೆಯುವುದುಂಟು. ರೋಗದ ನೆಲೆಯಾದರೋ ಮಿದುಳಿನ ರಕ್ತನಾಳ: ಅದು ಹೆಪ್ಪಿನಿಂದ ಮುಚ್ಚಿರುತ್ತದೆ, ಇಲ್ಲವೇ ಒಡೆದಿರುತ್ತದೆ. ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲು ಸೋಲುತ್ತವೆ. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ‘ಮಿದುಳಿನ ಆಘಾತ’ ಎಂಬ ಹೆಸರು ರೂಢಿಗೆ ಬಂದಲ್ಲಿ ರೋಗಿಯ ಮನೆಯವರ ಲಕ್ಷ್ಯ ತಲೆಯ ಕಡೆಗೆ, ಅಲ್ಲಿಂದ ಆಸ್ಪತ್ರೆಯ ಕಡೆಗೆ ಹರಿಯುವುದು ಸುಲಭ.

ಇನ್ನೊಂದು ಅಂಶ. 1861ರಲ್ಲಿ ಫ್ರಾನ್ಸಿನ ಬ್ರೋಕಾ ಮಾತಿನ ಶಕ್ತಿಯನ್ನು ಮುಮ್ಮೆದುಳಿನ ಒಂದು ನೆಲೆಯೊಡನೆ ಜೋಡಿಸಿದನು. 1874ರಲ್ಲಿ ವೆರ್ನಿಕೆ ಅರ್ಥಗ್ರಹಣದ ನೆಲೆಯನ್ನು ಸೂಚಿಸಿದನು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷು ಆಡುವ ನಮ್ಮ ಕರಾವಳಿಯವರಲ್ಲಿ ಪೆಟ್ಟಿನ ಬಳಿಕ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳುವುವೆಂದು ಹೇಳಲಾಗದು. ರೋಗಿಯನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿ ಮಾತು ಹೋಯಿತೆಂದು ತೀರ್ಮಾನಿಸುವುದು ಅಪೂರ್ಣವಾದೀತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ವಾಕ್‌ಶ್ರವಣ ಸಂಸ್ಥೆಯ ಕ್ಷೇತ್ರವಿದು. ಭಾಷಾವಿಭಾಗಗಳೂ ಇದಕ್ಕೆ ಹೆಗಲು ಕೊಡಬಹುದು.

ಸಾರಾಂಶವಿಷ್ಟು: ಸ್ಥಾನವನ್ನೋ ಕಾರ್ಯವನ್ನೋ ಹೇಳುವ ಪದ ಉಳಿಯಲಿ, ಎರಡನ್ನೂ ಹೇಳದ ಪದ, ಅದು ಸಂಸ್ಕೃತವಾಗಲಿ ಕನ್ನಡವಾಗಲಿ, ಮರುಪರಿಶೀಲನೆಗೆ ಒಳಗಾಗಲಿ. ‘ಮಿದು’ವೆಂಬುದನ್ನು ನೆನಪಿಗೆ ತರುವ ‘ಮಿದುಳು’ ಎಂಬ ಹೆಸರೇ ಆ ಅಂಗದ ಗುಣವನ್ನು ಹೇಳುವಾಗ, ಮುಂದಿನ ಪದಗಳೂ ಅಷ್ಟು ಅರ್ಥವತ್ತಾಗಿರಬೇಕೆಂದು ಬಯಸುವುದು ಅತಿಯಾಸೆಯಲ್ಲ.